ಟ್ವೀಟಿಗೂ ಉಲ್ಲೇಖಕ್ಕೂ ನಂಟು ಹುಡುಕುವವರಿಗೆ

ಸಾಮಾಜಿಕ ಜಾಲತಾಣಗಳಲ್ಲಿ ಸದ್ದು ಮಾಡಿದ ಸಂಶೋಧನಾ ಪ್ರಬಂಧಕ್ಕೆ ಮುಂದೆ ಉಲ್ಲೇಖಗಳೂ (ಬೇರೆ ಪ್ರಬಂಧಗಳು ಅದನ್ನು ಆಕರವಾಗಿ ಹೆಸರಿಸುವುದು) ಹೆಚ್ಚು ಸಿಗುತ್ತವೆಯೇ? ಈ ಪ್ರಶ್ನೆ ಹಿಡಿದು ನನ್ನ ಬಳಿ ಬರುವ ವಿದ್ಯಾರ್ಥಿಗಳ ಕೈಯಲ್ಲಿ ಸಾಮಾನ್ಯವಾಗಿ ಆಗಲೇ ಒಂದು ಚುಕ್ಕೆಚಿತ್ರ ಇರುತ್ತದೆ. ಅಡ್ಡಕ್ಕೆ ಟ್ವೀಟ್, ಉದ್ದಕ್ಕೆ ಉಲ್ಲೇಖ, ನಡುವೆ ಒಂದು ಏರುಗೆರೆ, ಮೂಲೆಯಲ್ಲಿ ಸಹಸಂಬಂಧ ಗುಣಾಂಕ, ಅಂದರೆ ಎರಡು ಸಂಖ್ಯೆಗಳು ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ, ಅದರ ತಲೆಯ ಮೇಲೆ 'ಇದು ಆಕಸ್ಮಿಕವಲ್ಲ' ಎನ್ನುವ ಮೂರು ನಕ್ಷತ್ರ. "ಲೆಕ್ಕ ಸರಿಯಿದೆಯೇ ನೋಡಿ ಮೇಡಂ" ಎನ್ನುತ್ತಾರೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ನಾನು ಕೇಳುವುದು ಬೇರೆ: ಯಾವ ಪ್ರಬಂಧವನ್ನು ಯಾವ ಪ್ರಬಂಧದ ಪಕ್ಕ ನಿಲ್ಲಿಸಿ ಹೋಲಿಸಿದ್ದೀರಿ? ಈ ಅಧ್ಯಯನದ ಮುಕ್ಕಾಲು ಪಾಲು ಕೆಲಸ ಅಲ್ಲೇ ಇದೆ. ಗುಣಾಂಕ ಒಂದು ಆಜ್ಞೆಗೆ ಹೊರಬೀಳುವ ಸಂಖ್ಯೆ.

ಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ ಎಂಟು ಕಾಲ್ಪನಿಕ ಪ್ರಬಂಧಗಳನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ನೀವೂ ಬರೆದುಕೊಳ್ಳಿ. ಗಣಿತದ ನಾಲ್ಕು ಪ್ರಬಂಧಗಳು: ಟ್ವೀಟ್ 0, 1, 2, 3, ಅದೇ ಕ್ರಮದಲ್ಲಿ ಉಲ್ಲೇಖ 3, 1, 4, 2. ವೈದ್ಯಕೀಯದ ನಾಲ್ಕು: ಟ್ವೀಟ್ 40, 50, 60, 70, ಉಲ್ಲೇಖ 33, 31, 34, 32. ಗಣಿತದೊಳಗೆ ಸ್ಪಿಯರ್‌ಮನ್ ಗುಣಾಂಕ (ಸಂಖ್ಯೆಗಳ ಬದಲು ಅವುಗಳ ಸ್ಥಾನಕ್ರಮವನ್ನು ಹೋಲಿಸುವ ಬಗೆ) ಹಾಕಿದರೆ ಸರಿಯಾಗಿ ಸೊನ್ನೆ. ವೈದ್ಯಕೀಯದೊಳಗೂ ಸೊನ್ನೆ. ಎಂಟನ್ನೂ ಒಟ್ಟಿಗೆ ಸುರಿದು ಹಾಕಿದರೆ 0.76! ಎರಡೂ ಕ್ಷೇತ್ರಗಳಲ್ಲಿ ಇಲ್ಲದ ಸಂಬಂಧ ಒಟ್ಟುಗೂಡಿಸಿದ ಕೂಡಲೇ ಎದ್ದು ಕೂರುತ್ತದೆ. ವೈದ್ಯಕೀಯದಲ್ಲಿ ಟ್ವೀಟ್ ಮಾಡುವವರೂ ಹೆಚ್ಚು, ಉಲ್ಲೇಖಿಸುವವರೂ ಹೆಚ್ಚು. ಗುಣಾಂಕ ಹೇಳುತ್ತಿರುವುದು ಅಷ್ಟನ್ನೇ. ನಿಯತಕಾಲಿಕ, ಪ್ರಕಟಣೆಯ ವರ್ಷ, ಪ್ರಬಂಧದ ಬಗೆ, ಇವೆಲ್ಲ ಹೀಗೇ ಆಟವಾಡುತ್ತವೆ. ವಿಮರ್ಶಾ ಪ್ರಬಂಧಗಳಿಗೆ ಉಲ್ಲೇಖ ಹೆಚ್ಚು, ಸಂಪಾದಕೀಯಗಳಿಗೆ ಕಡಿಮೆ. ಆದರೆ ಚುರುಕಾದ ಸಂಪಾದಕೀಯವೊಂದು ಜಾಲತಾಣದಲ್ಲಿ ಕಾಳ್ಗಿಚ್ಚಿನಂತೆ ಹಬ್ಬಬಹುದು.

ಜಾಲತಾಣಗಳಲ್ಲಿ ಪ್ರಬಂಧಕ್ಕೆ ಸಿಕ್ಕ ಗಮನವನ್ನು ಎಣಿಸುವ ಅಳತೆಗಳಿಗೆ 'ಆಲ್ಟ್‌ಮೆಟ್ರಿಕ್ಸ್' ಎಂಬ ಹೆಸರು ಬಿದ್ದದ್ದು 2010ರಲ್ಲಿ, ಜೇಸನ್ ಪ್ರೀಮ್ ಅವರಿಂದ. ಮರುವರ್ಷವೇ ಗುಂಥರ್ ಐಸೆನ್‌ಬಾಕ್ ಒಂದು ವೈದ್ಯಕೀಯ ಅಂತರಜಾಲ ಪತ್ರಿಕೆಯ ಪ್ರಬಂಧಗಳನ್ನು ನೋಡಿ, ಹೆಚ್ಚು ಟ್ವೀಟ್ ಆದವು ಹೆಚ್ಚು ಉಲ್ಲೇಖ ಪಡೆಯುವ ಸಾಧ್ಯತೆ 11 ಪಟ್ಟು ಎಂದು ಬರೆದರು. ಆ ಸಂಖ್ಯೆಯನ್ನು ಇವತ್ತಿಗೂ ಪ್ರಸ್ತಾವನೆಗಳಲ್ಲಿ ಕಾಣುತ್ತೇನೆ. ಅದು ನಿಂತಿರುವುದು ಒಂದೇ ಪತ್ರಿಕೆಯ 55 ಪ್ರಬಂಧಗಳ ಮೇಲೆ ಎಂಬ ಮಾತು ಮಾತ್ರ ಅಲ್ಲಿ ಕಾಣುವುದಿಲ್ಲ. 2015ರಲ್ಲಿ ಲುಟ್ಸ್ ಬೋರ್ನ್‌ಮನ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಟ್ವೀಟ್‌ಗಳಿಗೂ ಉಲ್ಲೇಖಗಳಿಗೂ ಸಿಕ್ಕ ಸಹಸಂಬಂಧ 0.003, ಬ್ಲಾಗುಗಳಿಗೆ 0.12, ಮೆಂಡೆಲೇ ತಂತ್ರಾಂಶದಲ್ಲಿ ಪ್ರಬಂಧವನ್ನು ಉಳಿಸಿಕೊಂಡವರ ಸಂಖ್ಯೆಗೆ 0.51. ಮೆಂಡೆಲೇ ಬಳಸುವವರಲ್ಲಿ ಹೆಚ್ಚಿನವರು ಮುಂದೆ ಪ್ರಬಂಧ ಬರೆಯುವವರೇ, ಹಾಗಾಗಿ ಅದು ಆಶ್ಚರ್ಯವಲ್ಲ. ನಿಮ್ಮ ಉತ್ತರ 0.003ರಿಂದ ಬಹಳ ದೂರವಿದ್ದರೆ ಹಿಗ್ಗುವ ಮೊದಲು ಸ್ವಲ್ಪ ಅನುಮಾನಪಡಿ.

ದತ್ತಾಂಶ ಕೂಡಿಸುವುದು

ಮೊದಲು ಪ್ರಬಂಧಗಳ ಪಟ್ಟಿ, ಆಮೇಲೆ ಟ್ವೀಟ್‌ಗಳ ಎಣಿಕೆ. ಈ ಕ್ರಮವನ್ನು ತಿರುಗಿಸಬೇಡಿ. ಟ್ವೀಟ್ ಆದ ಪ್ರಬಂಧಗಳಿಂದಲೇ ಪಟ್ಟಿ ಶುರು ಮಾಡಿದರೆ ಟ್ವೀಟ್ ಆಗದವು ಒಳಗೆ ಬರುವುದೇ ಇಲ್ಲ, ಹೋಲಿಸಲು ಯಾರೂ ಉಳಿಯುವುದಿಲ್ಲ. ನಾನು ಸಾಮಾನ್ಯವಾಗಿ ಹೇಳುವುದು ಇಷ್ಟು: ಒಂದೇ ಕ್ಷೇತ್ರದ ಕೆಲವು ನಿಯತಕಾಲಿಕಗಳನ್ನು ಆರಿಸಿಕೊಳ್ಳಿ, ಎರಡು ಮೂರು ವರ್ಷಗಳ ಎಲ್ಲ ಮೂಲ ಸಂಶೋಧನಾ ಪ್ರಬಂಧಗಳನ್ನೂ ತೆಗೆದುಕೊಳ್ಳಿ, ಪ್ರತಿಯೊಂದರ ಡಿಒಐ ಸಂಖ್ಯೆಯನ್ನು (ಪ್ರಬಂಧದ ಶಾಶ್ವತ ಗುರುತು) ಸಣ್ಣಕ್ಷರಕ್ಕೆ ಬದಲಿಸಿ ಒಂದು ಕಾಲಂನಲ್ಲಿ ಇಡಿ. ಡಿಒಐಯಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ, ಆದರೆ ಎರಡು ಕೋಷ್ಟಕಗಳನ್ನು ಜೋಡಿಸುವ ತಂತ್ರಾಂಶಕ್ಕೆ ಆ ಭೇದವಿದೆ. ಅಲ್ಲಿ ಸದ್ದಿಲ್ಲದೆ ಕಳೆದುಹೋಗುವ ಸಾಲುಗಳನ್ನು ಆಮೇಲೆ ಹುಡುಕುವುದು ಶಿಕ್ಷೆ.

ಉಲ್ಲೇಖಗಳಿಗೆ ಓಪನ್‌ಅಲೆಕ್ಸ್ ಸಾಕು. ಮೈಕ್ರೋಸಾಫ್ಟ್ ಅಕಾಡೆಮಿಕ್ ಗ್ರಾಫ್ 2021ರ ಕೊನೆಗೆ ನಿಂತಮೇಲೆ, 2022ರ ಜನವರಿಯಲ್ಲಿ ಶುರುವಾದ ಮುಕ್ತ ದತ್ತಸಂಚಯ ಇದು. ಕ್ರಾಸ್‌ರೆಫ್ (ಡಿಒಐಗಳನ್ನು ನೋಂದಾಯಿಸುವ ಸಂಸ್ಥೆ) ಕೂಡ ಪ್ರತಿ ಡಿಒಐಗೂ ಒಟ್ಟು ಉಲ್ಲೇಖ ಸಂಖ್ಯೆ ಕೊಡುತ್ತದೆ, ಆದರೆ ನಿಮಗೆ ಬೇಕಾದದ್ದು ಒಟ್ಟು ಸಂಖ್ಯೆಯಲ್ಲ. ಏಕೆಂದು ಮುಂದೆ ಹೇಳುತ್ತೇನೆ. ಜಾಲತಾಣಗಳ ಗಮನಕ್ಕೆ 2011ರಲ್ಲಿ ಯುವಾನ್ ಏಡೀ ಕಟ್ಟಿದ ಆಲ್ಟ್‌ಮೆಟ್ರಿಕ್ ಸಂಸ್ಥೆಯ ದತ್ತಾಂಶವೇ ಹೆಚ್ಚು ಬಳಕೆಯಲ್ಲಿದೆ. ಇಲ್ಲಿ ಎರಡು ವಿಷಯ ನೆನಪಿಡಿ. ಒಂದು, ಬಣ್ಣಬಣ್ಣದ ಉಂಗುರದೊಳಗೆ ತೋರಿಸುವ ಅವರ 'ಗಮನಾಂಕ'ವನ್ನು ಅಧ್ಯಯನಕ್ಕೆ ಬಳಸಬೇಡಿ. ಅದು ಹಲವು ಮೂಲಗಳ ತೂಕದ ಮೊತ್ತ: ಒಂದು ಸುದ್ದಿವರದಿಗೆ 8, ಬ್ಲಾಗಿಗೆ 5, ವಿಕಿಪೀಡಿಯಾಕ್ಕೆ 3, ಫೇಸ್‌ಬುಕ್‌ಗೆ 0.25 ಹೀಗೆ. ಆ ತೂಕಗಳನ್ನು ಸಂಸ್ಥೆ ತನ್ನ ತೀರ್ಮಾನದಂತೆ ಇಟ್ಟಿದೆ. ನಿಮ್ಮ ಪ್ರಶ್ನೆಗೂ ಅವಕ್ಕೂ ಸಂಬಂಧವಿಲ್ಲ. ಪ್ರತಿ ಮೂಲದ ಎಣಿಕೆಯನ್ನು ಬೇರೆ ಬೇರೆ ಕಾಲಂನಲ್ಲಿ ತೆಗೆದುಕೊಳ್ಳಿ. ಎರಡು, ಒಂದೂ ಪ್ರಸ್ತಾಪವಿಲ್ಲದ ಡಿಒಐ ಕೇಳಿದರೆ ಅವರ ಎಪಿಐ (ಪ್ರೋಗ್ರಾಂಗಳು ದತ್ತಾಂಶ ಕೇಳಿ ಪಡೆಯುವ ದಾರಿ) '404, ಸಿಗಲಿಲ್ಲ' ಎಂದು ಉತ್ತರಿಸುತ್ತದೆ. ಅದನ್ನು ದೋಷವೆಂದು ಬಗೆದು ಸಾಲನ್ನೇ ಅಳಿಸಿಬಿಡುವವರಿದ್ದಾರೆ. ಅದು ಸೊನ್ನೆ, ಸೊನ್ನೆಯಾಗಿಯೇ ತುಂಬಬೇಕು. ಆದರೆ ಡಿಒಐಯೇ ತಪ್ಪಾಗಿದ್ದರೂ ಅದೇ 404 ಬರುತ್ತದೆ, ಆದ್ದರಿಂದ ತುಂಬುವ ಮುನ್ನ ಕ್ರಾಸ್‌ರೆಫ್‌ನಲ್ಲಿ ಒಮ್ಮೆ ತಾಳೆ ನೋಡಿ.

ಟ್ವಿಟರ್‌ನಿಂದ ನೇರವಾಗಿ ದತ್ತಾಂಶ ಪಡೆಯುವ ಆಸೆ ಬಿಡಿ. 2023ರಲ್ಲಿ ಸಂಶೋಧಕರಿಗಿದ್ದ ಉಚಿತ ದಾರಿ ಮುಚ್ಚಿತು, ಅದೇ ಜುಲೈನಲ್ಲಿ ಹೆಸರೂ ಎಕ್ಸ್ ಆಯಿತು. ಅನಂತರ ಸಂಶೋಧಕರಲ್ಲಿ ಸಾಕಷ್ಟು ಜನ ಬ್ಲೂಸ್ಕೈ, ಮಾಸ್ಟಡಾನ್‌ಗಳತ್ತ ಚದುರಿದರು. ಹಳೆಯ ಟ್ವೀಟನ್ನೂ ಹೊಸ ಬ್ಲೂಸ್ಕೈ ಬರಹವನ್ನೂ ಕೂಡಿ ಒಂದೇ ಸಂಖ್ಯೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಓದುಗರು ಬೇರೆ, ಹಂಚುವ ರೂಢಿ ಬೇರೆ. 2020 ಮತ್ತು 2021 ಕೂಡ ಕಷ್ಟದ ವರ್ಷಗಳು: ಕೋವಿಡ್ ಪ್ರಬಂಧಗಳಿಗೆ ಎರಡೂ ಕಡೆ ಎಣಿಕೆ ಮುಗಿಲು ಮುಟ್ಟಿತು. ಆ ವರ್ಷಗಳು ಬೇಕೇ ಬೇಕೆಂದಾದರೆ ಕೋವಿಡ್ ವಿಷಯದವನ್ನು ಗುರುತು ಹಾಕಿ ಬೇರೆಯಾಗಿಯೇ ವಿಶ್ಲೇಷಿಸಿ.

ಹಿಂತೆಗೆದುಕೊಂಡ ಪ್ರಬಂಧಗಳನ್ನೂ ಗುರುತಿಸಿ. ಓಪನ್‌ಅಲೆಕ್ಸ್‌ನಲ್ಲಿ ಅದಕ್ಕೊಂದು ಕಾಲಂ ಇದೆ. ಅಂಥವಕ್ಕೆ ಬೀಳುವ ಛೀಮಾರಿಯೂ ಎಣಿಕೆಯಲ್ಲಿ ಗಮನವೇ. ಜೊತೆಗೆ, ಪ್ರಕಟಣಾಪೂರ್ವ ಪ್ರತಿ (ಪ್ರಿಪ್ರಿಂಟ್) ಬೇರೊಂದು ಡಿಒಐಯಲ್ಲಿ ಇದ್ದರೆ ಟ್ವೀಟ್‌ಗಳು ಅಲ್ಲಿ, ಉಲ್ಲೇಖಗಳು ಇಲ್ಲಿ ಎಂದು ಹರಿದು ಹಂಚಿಹೋಗಿರುತ್ತವೆ. ಎರಡನ್ನೂ ಜೋಡಿಸಿ, ಇಲ್ಲವೇ ಪ್ರಕಟಣಾಪೂರ್ವ ಪ್ರತಿ ಇರುವವನ್ನು ಬದಿಗಿಡಿ. ಯಾವುದು ಮಾಡಿದಿರೋ ಅದನ್ನು ಬರೆದಿಡಿ.

ಕಾಲದ ಕಿಟಕಿ

ಒಟ್ಟು ಟ್ವೀಟ್, ಒಟ್ಟು ಉಲ್ಲೇಖ ಇಟ್ಟುಕೊಂಡರೆ ಯಾವುದು ಮೊದಲು ಯಾವುದು ಆಮೇಲೆ ಎಂದೇ ತಿಳಿಯುವುದಿಲ್ಲ. ಹೆಸರು ಮಾಡಿದ ಹಳೆಯ ಪ್ರಬಂಧವನ್ನು ಜನ ಮತ್ತೆ ಮತ್ತೆ ಹಂಚುತ್ತಾರೆ. ಅಲ್ಲಿ ಉಲ್ಲೇಖವೇ ಟ್ವೀಟಿಗೆ ಕಾರಣ. ಇನ್ನೊಂದು ತೊಡಕೂ ಇದೆ. ಹಳೆಯ ಪ್ರಬಂಧಕ್ಕೆ ಉಲ್ಲೇಖ ಸೇರಲು ಹೆಚ್ಚು ಕಾಲ ಸಿಕ್ಕಿದೆ. ಹೊಸದು ಬಂದ ಕಾಲಕ್ಕೆ ಟ್ವಿಟರ್ ಬಳಸುವವರು ಹೆಚ್ಚಿದ್ದರು. ಹಲವು ವರ್ಷಗಳನ್ನು ಬೆರೆಸಿದರೆ ಇಲ್ಲದ ಋಣಾತ್ಮಕ ಸಂಬಂಧ ಹುಟ್ಟಿಕೊಳ್ಳುತ್ತದೆ.

ಹಾಗಾಗಿ ಎರಡು ಕಿಟಕಿ ಕತ್ತರಿಸಿಕೊಳ್ಳಿ. ಪ್ರಬಂಧ ಅಂತರಜಾಲದಲ್ಲಿ ಮೊದಲು ಕಾಣಿಸಿಕೊಂಡ ದಿನದಿಂದ 30 ದಿನಗಳ ಟ್ವೀಟ್ ಒಂದು. ಹೆಚ್ಚಿನ ಟ್ವೀಟ್‌ಗಳು ಮೊದಲ ಕೆಲವು ದಿನಗಳಲ್ಲೇ ಬಂದು ಮುಗಿಯುವುದರಿಂದ ಇದರಲ್ಲಿ ನಷ್ಟ ಕಡಿಮೆ. ಐಸೆನ್‌ಬಾಕ್ ಏಳು ದಿನವನ್ನೇ ಸಾಕೆಂದುಕೊಂಡಿದ್ದರು. ಇನ್ನೊಂದು, ಏಳನೆಯ ತಿಂಗಳಿನಿಂದ ಮೂವತ್ತಾರನೆಯ ತಿಂಗಳವರೆಗಿನ ಉಲ್ಲೇಖ. ನಡುವಿನ ತಿಂಗಳುಗಳನ್ನು ಬೇಕೆಂದೇ ಬಿಟ್ಟಿದ್ದೇನೆ: ಆ ಅವಧಿಯಲ್ಲಿ ಉಲ್ಲೇಖಿಸಿದವರು ಟ್ವೀಟ್ ನೋಡುವ ಮೊದಲೇ ತಮ್ಮ ಹಸ್ತಪ್ರತಿ ಕಳಿಸಿರುವ ಸಾಧ್ಯತೆ ಹೆಚ್ಚು. ಓಪನ್‌ಅಲೆಕ್ಸ್ ವರ್ಷವಾರು ಉಲ್ಲೇಖ ಸಂಖ್ಯೆಯನ್ನು ಸಿದ್ಧವಾಗಿಯೇ ಕೊಡುತ್ತದೆ, ಆದರೆ ಅದು ಕ್ಯಾಲೆಂಡರ್ ವರ್ಷ. ಜನವರಿಯಲ್ಲಿ ಬಂದ ಪ್ರಬಂಧಕ್ಕೆ ಮೊದಲ ವರ್ಷವೆಂದರೆ ಹನ್ನೆರಡು ತಿಂಗಳು, ಡಿಸೆಂಬರಿನದಕ್ಕೆ ಕೆಲವು ದಿನ. ಪ್ರತಿ ಪ್ರಬಂಧವನ್ನೂ ಉಲ್ಲೇಖಿಸಿದ ಕೃತಿಗಳ ಪಟ್ಟಿಯನ್ನೇ ತರಿಸಿ, ಅವುಗಳ ಪ್ರಕಟಣೆಯ ದಿನಾಂಕದಿಂದ ನೀವೇ ತಿಂಗಳು ಎಣಿಸಿ. ಬೇಸರದ ಕೆಲಸ ಹೌದು. ಆದರೆ ಒಮ್ಮೆ ಬರೆದ ಪ್ರೋಗ್ರಾಂ ರಾತ್ರಿಯಿಡೀ ತಾನೇ ಓಡಿಕೊಳ್ಳುತ್ತದೆ.

ಟ್ವೀಟ್ ಎಣಿಸುವ ಬದಲು ಬೇರೆ ಬೇರೆ ಖಾತೆಗಳನ್ನು ಎಣಿಸುವುದು ಒಳ್ಳೆಯದು. ಪ್ರತಿ ಹೊಸ ಪ್ರಬಂಧವನ್ನೂ ತಾನಾಗಿ ಹಂಚುವ ಯಂತ್ರಖಾತೆಗಳು ಎಷ್ಟಿವೆಯೆಂದರೆ, ಕೆಲವು ಕ್ಷೇತ್ರಗಳಲ್ಲಿ 'ಒಂದು ಟ್ವೀಟ್' ಎಂದರೆ ಮನುಷ್ಯರು ಯಾರೂ ನೋಡಲಿಲ್ಲ ಎಂದೇ ಅರ್ಥ. ನಿಯತಕಾಲಿಕದ ಸ್ವಂತ ಖಾತೆಯನ್ನು ಕಳೆಯಿರಿ. ಲೇಖಕರ ಖಾತೆಗಳನ್ನು ಕಳೆಯಬೇಕೋ ಬೇಡವೋ ಎಂಬುದು ನಿಮ್ಮ ಪ್ರಶ್ನೆಗೆ ಬಿಟ್ಟದ್ದು: ಪ್ರಚಾರದ ಪರಿಣಾಮ ಕೇಳುತ್ತಿದ್ದರೆ ಇರಲಿ, ಓದುಗರ ಆಸಕ್ತಿ ಅಳೆಯುತ್ತಿದ್ದರೆ ಬೇಡ.

ಲೆಕ್ಕ

ಮೊದಲು ಎರಡೂ ಎಣಿಕೆಗಳ ಹಂಚಿಕೆಯನ್ನು ಕಣ್ಣಾರೆ ನೋಡಿ. ಬಲಕ್ಕೆ ಉದ್ದದ ಬಾಲ, ಎಡಕ್ಕೆ ಸೊನ್ನೆಗಳ ಗುಡ್ಡ ಕಾಣಬೇಕು. 2010ರಿಂದ 2012ರವರೆಗಿನ ಸುಮಾರು 14 ಲಕ್ಷ ಜೀವವೈದ್ಯಕೀಯ ಪ್ರಬಂಧಗಳನ್ನು ನೋಡಿದ ಸ್ಟೆಫಾನಿ ಹೌಸ್ಟೈನ್ ಮತ್ತು ಸಂಗಡಿಗರಿಗೆ ಟ್ವಿಟರ್‌ನಲ್ಲಿ ಪ್ರಸ್ತಾಪವಾದವು ಶೇ. 10ಕ್ಕಿಂತ ಕಡಿಮೆ ಸಿಕ್ಕಿದ್ದವು. ಇಂಥ ದತ್ತಾಂಶಕ್ಕೆ ಪಿಯರ್‌ಸನ್ ಗುಣಾಂಕ (ಸ್ಥಾನಕ್ರಮದ ಬದಲು ಸಂಖ್ಯೆಗಳನ್ನೇ ಹೋಲಿಸುವುದು) ಹಾಕಿದರೆ ಬಾಲದ ತುದಿಯಲ್ಲಿರುವ ಒಂದೆರಡು ಪ್ರಬಂಧಗಳೇ ಉತ್ತರ ಬರೆಯುತ್ತವೆ. ಸ್ಪಿಯರ್‌ಮನ್ ಬಳಸಿ, ಸೊನ್ನೆಗಳಂಥ ಸರಿಸಮ ಬೆಲೆಗಳು ಹೆಚ್ಚಿದ್ದರೆ ಸ್ಥಾನಕ್ರಮದ್ದೇ ಇನ್ನೊಂದು ಗುಣಾಂಕವಾದ ಕೆಂಡಾಲ್ ಟೌ-ಬಿ ಇನ್ನೂ ಮೇಲು. ಮುಖ್ಯವಾದದ್ದು, ಅದನ್ನು ಪ್ರತಿ ನಿಯತಕಾಲಿಕ, ಪ್ರತಿ ವರ್ಷದೊಳಗೆ ಬೇರೆ ಬೇರೆಯಾಗಿ ಹಾಕಿ, ಆ ಗುಣಾಂಕಗಳ ಮಧ್ಯಾಂಕವನ್ನೂ ಹರಡುವಿಕೆಯನ್ನೂ ತೋರಿಸುವುದು. ಅಲ್ಲಿಗೇ ಬಹುತೇಕ ಚುಕ್ಕೆಚಿತ್ರಗಳ ಏರುಗೆರೆ ಮಲಗುತ್ತದೆ.

ಇದಕ್ಕಿಂತ ಸರಳವಾದ ಒಂದು ಉಪಾಯ ನನಗೆ ಬಹಳ ಇಷ್ಟ. ಮೈಕ್ ಥೆಲ್ವಾಲ್, ಹೌಸ್ಟೈನ್, ಲಾರಿವಿಯೆರ್ ಮತ್ತು ಸುಗಿಮೋಟೊ 2013ರಲ್ಲಿ ಬಳಸಿದ್ದು. ಪ್ರತಿ ಪ್ರಬಂಧವನ್ನೂ ಅದೇ ನಿಯತಕಾಲಿಕದಲ್ಲಿ ಅದರ ಹಿಂದಿನದು ಮತ್ತು ಮುಂದಿನದರ ಜೊತೆ ಮಾತ್ರ ಹೋಲಿಸುತ್ತೀರಿ. ನೆರೆಯ ಎರಡರ ಸರಾಸರಿಗಿಂತ ಇದಕ್ಕೆ ಟ್ವೀಟ್ ಹೆಚ್ಚು, ಉಲ್ಲೇಖವೂ ಹೆಚ್ಚು ಎಂದಾದರೆ ಅಥವಾ ಎರಡೂ ಕಡಿಮೆ ಎಂದಾದರೆ 'ಹೊಂದಿತು'. ಒಂದು ಹೆಚ್ಚು ಒಂದು ಕಡಿಮೆ ಎಂದಾದರೆ 'ಹೊಂದಲಿಲ್ಲ'. ಸಮವಾದವನ್ನು ಬಿಡಿ. ಹೊಂದಿದವು ಅರ್ಧಕ್ಕಿಂತ ಎಷ್ಟು ಹೆಚ್ಚು ಎಂದು ಚಿಹ್ನಾ ಪರೀಕ್ಷೆಯಿಂದ ನೋಡಿ. ಕಾಲದ ಏರಿಳಿತ, ನಿಯತಕಾಲಿಕದ ಪ್ರತಿಷ್ಠೆ ಎರಡೂ ಒಂದೇ ಏಟಿಗೆ ಹೊರಬೀಳುತ್ತವೆ. ಇದು ಸಂಬಂಧದ ಪ್ರಮಾಣವನ್ನು ಹೇಳುವುದಿಲ್ಲ, ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಆದರೆ ದೊಡ್ಡ ಮಾಡೆಲ್ ಕಟ್ಟುವ ಮುಂಚೆ ಇದನ್ನು ಮಾಡಿಸದೆ ಯಾರನ್ನೂ ಮುಂದಕ್ಕೆ ಬಿಡುವುದಿಲ್ಲ ನಾನು.

ಪ್ರಮಾಣ ಬೇಕಾದಾಗ ರಿಗ್ರೆಷನ್, ಅಂದರೆ ಉಳಿದವನ್ನು ಸಮವಾಗಿಟ್ಟು ಒಂದರ ಜೊತೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ. ಉಲ್ಲೇಖ ಎಣಿಕೆಯ ಸಂಖ್ಯೆ. ಅದರ ಚದರುವಿಕೆ ಸರಾಸರಿಗಿಂತ ಬಹಳ ಹೆಚ್ಚು. ಆದ್ದರಿಂದ ಎರಡೂ ಸಮ ಎಂದು ಭಾವಿಸುವ ಸಾದಾ ಪಾಯ್ಸನ್ ಮಾಡೆಲ್ ಕೊಡುವ ಪ್ರಮಾಣದೋಷಗಳು (ಅಂದಾಜಿನ ಅನಿಶ್ಚಿತತೆಯ ಅಳತೆ) ನಂಬಲಾರದಷ್ಟು ಚಿಕ್ಕವಿರುತ್ತವೆ. ಹೆಚ್ಚಿನವರು ಆ ಚದರುವಿಕೆಗೆ ಜಾಗ ಕೊಡುವ ಋಣ ದ್ವಿಪದ ಮಾಡೆಲ್‌ಗೆ ಹೋಗುತ್ತಾರೆ. ಆರ್ ಭಾಷೆಯ ಮಾಸ್ ಪ್ಯಾಕೇಜಿನಲ್ಲಿ, ಪೈಥಾನ್‌ನ ಸ್ಟ್ಯಾಟ್ಸ್‌ಮಾಡೆಲ್ಸ್‌ನಲ್ಲಿ ಅದು ಸಿದ್ಧವಿದೆ. ಥೆಲ್ವಾಲ್ ಮತ್ತು ವಿಲ್ಸನ್ 2014ರಲ್ಲಿ ಬೇರೆಯದೇ ಸಲಹೆ ಕೊಟ್ಟರು: ಉಲ್ಲೇಖಕ್ಕೆ ಒಂದು ಕೂಡಿಸಿ ಲಾಗ್ ತೆಗೆದು ಸಾಮಾನ್ಯ ರೇಖೀಯ ರಿಗ್ರೆಷನ್ ಮಾಡಿ ಎಂದು. ನನ್ನ ಕೈ ಹೋಗುವುದು ಆರ್‌ನ ಫಿಕ್ಸೆಸ್ಟ್ ಪ್ಯಾಕೇಜಿನ ಪಾಯ್ಸನ್ ಕಡೆಗೆ. ಪ್ರತಿ ನಿಯತಕಾಲಿಕದ ಪ್ರತಿ ತ್ರೈಮಾಸಿಕಕ್ಕೂ ಒಂದು ಸ್ಥಿರ ಪರಿಣಾಮ ಕೊಟ್ಟು (ಹೋಲಿಕೆ ಆ ಗುಂಪಿನೊಳಗೇ ನಡೆಯುವಂತೆ), ಪ್ರಮಾಣದೋಷಗಳನ್ನು ನಿಯತಕಾಲಿಕದ ಮಟ್ಟದಲ್ಲಿ ಗುಂಪುಗೂಡಿಸಿ ಲೆಕ್ಕ ಹಾಕಿದರೆ ಅತಿಚದರುವಿಕೆಯ ಕಾಟ ತಪ್ಪುತ್ತದೆ. ನಿಯತಕಾಲಿಕಗಳು ನಾಲ್ಕೈದೇ ಇದ್ದರೆ ಮಾತ್ರ ಆ ಗುಂಪುಗೂಡಿಸುವಿಕೆ ನಂಬಿಕೆಗೆ ಅರ್ಹವಲ್ಲ. ಎರಡು ವಿಧಾನಗಳಲ್ಲಿ ಮಾಡಿ ಎರಡನ್ನೂ ವರದಿ ಮಾಡಿ. ಉತ್ತರ ವಿಧಾನಕ್ಕೆ ತಕ್ಕಂತೆ ಕುಣಿದರೆ ಅದೇ ನಿಮ್ಮ ಉತ್ತರ.

ಟ್ವೀಟನ್ನು ಒಂದು ಕೂಡಿಸಿ ಲಾಗ್ ಮಾಡಿ ಒಳಗೆ ಹಾಕಿ, ಜೊತೆಗೆ 'ಒಂದಾದರೂ ಟ್ವೀಟ್ ಇದೆಯೇ' ಎಂಬ ಹೌದು-ಇಲ್ಲ ಕಾಲಂ ಇರಲಿ. ಪ್ರಸ್ತಾಪವಾಗುವುದು ಒಂದು ಸಂಗತಿ, ಹೆಚ್ಚು ಪ್ರಸ್ತಾಪವಾಗುವುದು ಇನ್ನೊಂದು. ನಿಯಂತ್ರಣಕ್ಕೆ, ಅಂದರೆ ಸಮವಾಗಿ ಹಿಡಿದಿಡಲು, ಲೇಖಕರ ಸಂಖ್ಯೆ, ಮುಕ್ತ ಪ್ರವೇಶ ಇದೆಯೇ, ಪುಟಗಳು, ಅನುದಾನದ ನಮೂದು, ಲೇಖಕರ ಹಿಂದಿನ ಉಲ್ಲೇಖಗಳು, ಸುದ್ದಿವರದಿಗಳ ಸಂಖ್ಯೆ. ಕೊನೆಯದನ್ನು ಮರೆಯಬೇಡಿ, ಪತ್ರಿಕಾ ಪ್ರಕಟಣೆ ಹೊರಟ ದಿನ ಸುದ್ದಿ, ಟ್ವೀಟ್ ಎರಡೂ ಒಟ್ಟಿಗೆ ಏಳುತ್ತವೆ. ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಒಳಗೆ ತುರುಕಬಾರದು. ಡೌನ್‌ಲೋಡ್ ಸಂಖ್ಯೆಯನ್ನೋ ಮೆಂಡೆಲೇ ಎಣಿಕೆಯನ್ನೋ ನಿಯಂತ್ರಣವಾಗಿ ಹಾಕುವವರನ್ನು ನಾನು ತಡೆಯುತ್ತೇನೆ. ಟ್ವೀಟ್ ಉಲ್ಲೇಖಕ್ಕೆ ದಾರಿ ಮಾಡಿಕೊಡುವುದಾದರೆ ಅದು ಓದಿನ ಮೂಲಕವೇ ತಾನೇ? ಓದನ್ನು ಹಿಡಿದು ನಿಲ್ಲಿಸಿ ಟ್ವೀಟಿನ ಪರಿಣಾಮ ಹುಡುಕಿದರೆ ಅಳೆಯಬೇಕಾದದ್ದನ್ನೇ ಅಳಿಸಿದಂತೆ.

ಗುಣಾಂಕವನ್ನು ಓದುವ ಬಗೆ: ಲಾಗ್ ಮಾಡಿದ ಟ್ವೀಟಿಗೆ 0.1 ಬಂತೆಂದುಕೊಳ್ಳಿ. ಟ್ವೀಟಿಗೆ ಒಂದು ಕೂಡಿಸಿದ ಸಂಖ್ಯೆ ಇಮ್ಮಡಿಯಾದಾಗ ನಿರೀಕ್ಷಿತ ಉಲ್ಲೇಖ ಎರಡರ 0.1ನೆಯ ಘಾತದಷ್ಟು, ಅಂದರೆ 1.07 ಪಟ್ಟು. ಶೇ. 7 ಹೆಚ್ಚು. ಒಂಬತ್ತು ಟ್ವೀಟ್ ಆದ ಎರಡು ಪ್ರಬಂಧಗಳಲ್ಲಿ ಒಂದಕ್ಕೆ ಇನ್ನೂ ಹತ್ತು ಟ್ವೀಟ್ ಸೇರಿದರೆ, ಇನ್ನೊಂದಕ್ಕೆ ಹತ್ತು ಉಲ್ಲೇಖ ಬರುವಲ್ಲಿ ಇದಕ್ಕೆ ಹನ್ನೊಂದು ಕೂಡ ಆಗುವುದಿಲ್ಲ. ಸಾವಿರಾರು ಸಾಲುಗಳಿದ್ದರೆ ಪಿ-ಮೌಲ್ಯ ಇಷ್ಟಕ್ಕೂ ಮೂರು ನಕ್ಷತ್ರ ಕೊಡುತ್ತದೆ. ನಕ್ಷತ್ರ ಬಿಟ್ಟು ಈ ವಾಕ್ಯವನ್ನು ವಿಶ್ವಾಸಾಂತರದ (ಅಂದಾಜು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ವ್ಯಾಪ್ತಿ) ಜೊತೆ ಬರೆಯಿರಿ.

ಕಾರಣ ಎನ್ನಬಹುದೇ?

ಇಷ್ಟೆಲ್ಲ ನಿಯಂತ್ರಿಸಿದರೂ ಪ್ರಬಂಧದ ಗುಣ ಎಂಬುದು ಯಾವ ಕಾಲಂನಲ್ಲೂ ಇಲ್ಲ. ಒಳ್ಳೆಯ ಪ್ರಬಂಧವನ್ನು ಜನ ಹಂಚುತ್ತಾರೆ, ಉಲ್ಲೇಖಿಸಲೂ ಉಲ್ಲೇಖಿಸುತ್ತಾರೆ. ಈ ಗಂಟನ್ನು ಬಿಡಿಸಿದ ಅಧ್ಯಯನಗಳಲ್ಲಿ ನನಗೆ ಅಚ್ಚುಮೆಚ್ಚಿನದು ಟ್ವಿಟರ್ ಹುಟ್ಟುವ ಮುಂಚಿನದು. 1978ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 12 ವಾರ ಮುಷ್ಕರದಿಂದ ಮಾರಾಟಕ್ಕೆ ಬರಲಿಲ್ಲ, ಆದರೆ ದಾಖಲೆಗಾಗಿ ಸಂಚಿಕೆಗಳನ್ನು ಸಿದ್ಧಪಡಿಸುತ್ತಲೇ ಇತ್ತು. ಅಂದರೆ ಸಂಪಾದಕರು ಯಾವ ಸಂಶೋಧನೆ ಸುದ್ದಿಗೆ ಯೋಗ್ಯ ಎಂದು ಆರಿಸಿದ್ದಾರೆ, ಓದುಗರ ಕೈಗೆ ಮಾತ್ರ ಅದು ತಲುಪಿಲ್ಲ. ಫಿಲಿಪ್ಸ್ ಮತ್ತು ಸಂಗಡಿಗರು 1991ರಲ್ಲಿ ಲೆಕ್ಕ ತೆಗೆದರು. ಮಾಮೂಲಿ ದಿನಗಳಲ್ಲಿ ಟೈಮ್ಸ್ ವರದಿ ಮಾಡಿದ್ದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಬಂಧಗಳಿಗೆ ಮೊದಲ ವರ್ಷ ಶೇ. 72.8 ಹೆಚ್ಚು ಉಲ್ಲೇಖ ಸಿಕ್ಕಿತ್ತು. ಮುಷ್ಕರದ ವಾರಗಳಲ್ಲಿ ಆರಿಸಲ್ಪಟ್ಟವಕ್ಕೆ ಆ ಹೆಚ್ಚಳ ಇರಲಿಲ್ಲ. ಆಯ್ಕೆಯನ್ನೂ ಪ್ರಚಾರವನ್ನೂ ಬೇರೆ ಮಾಡುವ ಇಂಥ ಸಂದರ್ಭ ನಿಮ್ಮ ದತ್ತಾಂಶದಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿ. ನಿಯತಕಾಲಿಕದ ಖಾತೆ ಕೆಲಕಾಲ ಮೂಕವಾಗಿದ್ದರೆ, ಒಂದು ಜಾಲತಾಣ ಕೆಲವು ದಿನ ನಿಂತಿದ್ದರೆ, ಅದು ನಿಮ್ಮ ಪಾಲಿನ ಮುಷ್ಕರ.

ಎಲ್ಲಕ್ಕಿಂತ ಗಟ್ಟಿಯಾದದ್ದು ಚೀಟಿ ಎತ್ತಿ ಯಾವುದನ್ನು ಟ್ವೀಟ್ ಮಾಡಬೇಕೆಂದು ನಿರ್ಧರಿಸುವುದು. ಎದೆಗೂಡಿನ ಶಸ್ತ್ರಚಿಕಿತ್ಸಕರ ಜಾಲವೊಂದು 112 ಪ್ರಬಂಧಗಳ ಮೇಲೆ ಹೀಗೆ ಮಾಡಿತು. ವರ್ಷದ ಬಳಿಕ ಟ್ವೀಟ್ ಮಾಡಿದವಕ್ಕೆ ಸರಾಸರಿ 3.1 ಉಲ್ಲೇಖ ಹೊಸದಾಗಿ ಸೇರಿದ್ದವು, ಉಳಿದವಕ್ಕೆ 0.7 ಮಾತ್ರ. ಟ್ರೆವರ್ ಬ್ರಾಂಚ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ದಿಕ್ಕಿಗೆ ತಿರುಗಿತು. 11 ನಿಯತಕಾಲಿಕಗಳು, ಪ್ರತಿಯೊಂದರಿಂದ ಹತ್ತು ಗುಂಪು, ಪ್ರತಿ ಗುಂಪಿನಲ್ಲಿ ಒಂದೇ ತಿಂಗಳ ಐದು ಪ್ರಬಂಧ. ಒಂದನ್ನು ಟ್ವೀಟ್ ಮಾಡಿ ನಾಲ್ಕನ್ನು ಸುಮ್ಮನೆ ಬಿಟ್ಟರು. ಡೌನ್‌ಲೋಡ್ ಒಡನೆಯೇ 2.6ರಿಂದ 3.9 ಪಟ್ಟು ಏರಿತು. ಮೂರು ವರ್ಷದ ಮೇಲೆ ಉಲ್ಲೇಖದ ಏರಿಕೆ ವೆಬ್ ಆಫ್ ಸೈನ್ಸ್ ಲೆಕ್ಕದಲ್ಲಿ ಶೇ. 7, ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಶೇ. 12, ಎರಡೂ ಆಕಸ್ಮಿಕವಾಗಿ ಬರಬಹುದಾದ ವ್ಯತ್ಯಾಸದೊಳಗೇ ಇದ್ದವು. ಟ್ವೀಟ್ ಮಾಡಿದವರು ಸಾಮಾನ್ಯ ವಿಜ್ಞಾನಿಗಳಿಗಿಂತ ಎಷ್ಟೋ ಹೆಚ್ಚು ಹಿಂಬಾಲಕರಿದ್ದವರು ಎಂಬುದನ್ನು ಮರೆಯಬಾರದು. ನನಗೆ ಈ ಎರಡನೆಯದರ ವಿನ್ಯಾಸದ ಮೇಲೆ ಹೆಚ್ಚು ನಂಬಿಕೆ: ಹೋಲಿಕೆ ಒಂದೇ ಮನೆಯ ಒಡಹುಟ್ಟುಗಳ ನಡುವೆ ನಡೆದಿದೆ. ನೀವು ಪ್ರಯೋಗಕ್ಕೆ ಇಳಿಯುವುದಾದರೆ ಅದೇ ಅಚ್ಚನ್ನು ಅನುಸರಿಸಿ, ಹುಡುಕುತ್ತಿರುವುದು ಶೇ. 7ರಷ್ಟು ಸಣ್ಣ ಪರಿಣಾಮವಾದರೆ 550 ಪ್ರಬಂಧವೂ ಸಾಲದು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪ್ರಯೋಗವಿಲ್ಲದೆ ಅವಲೋಕನದ ದತ್ತಾಂಶವಷ್ಟೇ ಇದ್ದರೆ ಸಾರಾಂಶದಲ್ಲಿ 'ಹೆಚ್ಚಿಸುತ್ತದೆ', 'ಪರಿಣಾಮ ಬೀರುತ್ತದೆ' ಎಂಬ ಕ್ರಿಯಾಪದಗಳನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತೇನೆ. 'ಒಂದೇ ನಿಯತಕಾಲಿಕದಲ್ಲಿ ಒಂದೇ ತ್ರೈಮಾಸಿಕದಲ್ಲಿ ಬಂದ ಪ್ರಬಂಧಗಳ ಪೈಕಿ, ಮೊದಲ 30 ದಿನ ಹೆಚ್ಚು ಖಾತೆಗಳು ಹಂಚಿದವಕ್ಕೆ ಮುಂದಿನ ಅವಧಿಯಲ್ಲಿ ಇಷ್ಟು ಹೆಚ್ಚು ಉಲ್ಲೇಖ' ಎಂದು ಬರೆಯಿರಿ, ಉದ್ದವಾದರೂ ಪರವಾಗಿಲ್ಲ. ದತ್ತಾಂಶ ಇಳಿಸಿದ ದಿನಾಂಕವನ್ನು ವಿಧಾನದ ಭಾಗದಲ್ಲಿ ನಮೂದಿಸಿ, ಇಳಿಸಿದ ಮೂಲ ಕಡತವನ್ನು ಮುಟ್ಟದೆ ಬೇರೆ ಇಡಿ. ಖಾತೆ ಅಳಿಸಿದವರ ಟ್ವೀಟ್‌ಗಳು ಮಾಯವಾಗುತ್ತವೆ, ಉಲ್ಲೇಖ ಸಂಖ್ಯೆ ದಿನವೂ ಬದಲಾಗುತ್ತದೆ. ಆರು ತಿಂಗಳ ಬಳಿಕ ಪರಾಮರ್ಶಕರು ಮರುಲೆಕ್ಕ ಕೇಳಿದಾಗ ಕೈಹಿಡಿಯುವುದು ಆ ಕಡತವೊಂದೇ.